ಮನೆ ಮೀಟರ್ ಏರಿತು, ಊರಿನ ಪಂಪು ಇಳಿಯಿತು: ಲಾಕ್‌ಡೌನ್ ನೀರಿನ ಲೆಕ್ಕ

ಪ್ರಶ್ನೆ: 2020ರ ಲಾಕ್‌ಡೌನ್‌ನಲ್ಲಿ ನಾವು ನಾಲ್ಕೂ ಜನ ಮನೆಯಲ್ಲೇ ಇದ್ದೆವು. ನಮ್ಮ ನೀರಿನ ಮೀಟರ್ ಹಿಂದಿನ ತಿಂಗಳುಗಳಿಗಿಂತ ಸುಮಾರು ಕಾಲು ಭಾಗ ಜಾಸ್ತಿ ತೋರಿಸಿತು. ಆದರೆ ನೀರು ಸರಬರಾಜಿನಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು, ಆಗ ಊರಿಗೆ ಬಿಡುವ ನೀರು ಕಡಿಮೆಯಾಗಿತ್ತು ಅನ್ನುತ್ತಾರೆ. ಯಾವುದು ನಿಜ? ನಮ್ಮ ನೀರೆಲ್ಲ ಕೈ ತೊಳೆಯುವುದಕ್ಕೇ ಹೋಯಿತಾ? ಈಗ ಮಕ್ಕಳು ಶಾಲೆಗೆ ಹೋಗುತ್ತಾರೆ, ನಾವಿಬ್ಬರೂ ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುತ್ತೇವೆ. ಆದರೂ ಬಿಲ್ ಹಳೆಯ ಮಟ್ಟಕ್ಕೆ ಇಳಿದಿಲ್ಲ. ಯಾಕಿರಬಹುದು?

ಉತ್ತರ: ಎರಡೂ ನಿಜ. ನಿಮ್ಮ ಪರಿಚಯದವರು ಪಂಪ್‌ಹೌಸ್ ಮೀಟರ್ ನೋಡಿ ಮಾತಾಡುತ್ತಿದ್ದಾರೆ, ನೀವು ಮನೆ ಬಾಗಿಲ ಮೀಟರ್ ನೋಡಿ. ಈ ಎರಡು ಮೀಟರ್‌ಗಳ ನಡುವೆ ಆಫೀಸು, ಹೋಟೆಲು, ಶಾಲೆ, ಕಾರ್ಖಾನೆ ಎಲ್ಲ ಇವೆ. ಆಗ ಅವುಗಳಿಗೆ ಬೀಗ ಬಿದ್ದಿತ್ತು.

ಮೊದಲು ನಿಮ್ಮ ಮನೆಯ ಲೆಕ್ಕ ಮಾಡೋಣ. ಇದು ಅಂದಾಜು ಲೆಕ್ಕ, ನಿಮ್ಮ ಮನೆಯ ನಲ್ಲಿ, ಫ್ಲಶ್ ನೋಡಿ ನೀವೇ ತಿದ್ದಿಕೊಳ್ಳಬಹುದು. ನಾಲ್ಕು ಜನರ ಮನೆ ದಿನಕ್ಕೆ 600 ಲೀಟರ್ ಬಳಸುತ್ತದೆ ಅಂದುಕೊಳ್ಳಿ. ಮಾಮೂಲಿ ದಿನಗಳಲ್ಲಿ ನಾಲ್ವರೂ ಹಗಲಿಡೀ ಹೊರಗೆ. ಆ ಹೊತ್ತಿನಲ್ಲಿ ತಲೆಗೆ ಮೂರು ಸಲ ಫ್ಲಶ್ ಅಂದರೆ 12 ಸಲ. ಒಂದು ಫ್ಲಶ್‌ಗೆ 8 ಲೀಟರ್ ಹಿಡಿದರೆ 96 ಲೀಟರ್. ಮಧ್ಯಾಹ್ನದ ಅಡುಗೆ, ಆಮೇಲೆ ಪಾತ್ರೆ, ಇದಕ್ಕೊಂದು 30 ಲೀಟರ್. ಈ 126 ಲೀಟರ್ ಮೊದಲು ಶಾಲೆಯ, ಆಫೀಸಿನ ಮೀಟರ್‌ನಲ್ಲಿ ಓಡುತ್ತಿತ್ತು. ಲಾಕ್‌ಡೌನ್‌ನಲ್ಲಿ ನಿಮ್ಮ ಮೀಟರ್‌ಗೆ ಬಂತು. ಶನಿವಾರ, ಭಾನುವಾರ ನೀವು ಹೇಗೂ ಮನೆಯಲ್ಲೇ ಇರುತ್ತಿದ್ದಿರಿ. ಹಾಗಾಗಿ ವಾರಕ್ಕೆ ಹಂಚಿದರೆ ದಿನಕ್ಕೆ 90 ಲೀಟರ್ ಆಗುತ್ತದೆ.

ಇನ್ನು ಕೈ ತೊಳೆಯುವುದು. ಲಾಕ್‌ಡೌನ್ ನೀರು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಇದೇ. ನಿಮಿಷಕ್ಕೆ 6 ಲೀಟರ್ ಬಿಡುವ ನಲ್ಲಿ 20 ಸೆಕೆಂಡಿಗೆ 2 ಲೀಟರ್ ಬಿಡುತ್ತದೆ. ಕೈ ಒದ್ದೆ ಮಾಡಿಕೊಳ್ಳುವುದಕ್ಕೆ, ಕೊನೆಗೆ ಸೋಪು ತೊಳೆಯುವುದಕ್ಕೆ ಇನ್ನೊಂದು ಲೀಟರ್. ಸೋಪು ಉಜ್ಜುವಾಗ ನಲ್ಲಿ ನಿಲ್ಲಿಸಿದರೆ ಒಂದು ಸಲಕ್ಕೆ 1 ಲೀಟರ್ ಸಾಕು, ಸುಮ್ನೆ ಬಿಟ್ಟುಕೊಂಡಿದ್ದರೆ 3 ಲೀಟರ್. ಒಬ್ಬೊಬ್ಬರು ದಿನಕ್ಕೆ ಆರು ಸಲ ಹೆಚ್ಚಿಗೆ ತೊಳೆದರೂ ಮನೆಗೆ 24 ಸಲ ಆಯಿತು. ಅಂದರೆ 24 ಲೀಟರ್, ಇಲ್ಲವೇ 72 ಲೀಟರ್.

ಒಟ್ಟು ದಿನಕ್ಕೆ 114ರಿಂದ 162 ಲೀಟರ್ ಹೆಚ್ಚು. 600ಕ್ಕೆ ಹೋಲಿಸಿದರೆ ಶೇ 19ರಿಂದ 27. ನಿಮ್ಮ ಮೀಟರ್ ಹೇಳಿದ ಕಾಲು ಭಾಗ ಈ ಎರಡರ ನಡುವೆಯೇ ಕೂತಿದೆ. ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಲ್ಲಿ ನಿಲ್ಲಿಸಿ ಕೈ ತೊಳೆಯುವ ಮನೆಯಲ್ಲಿ ಫ್ಲಶ್‌ನ ನೀರು ಕೈ ತೊಳೆದ ನೀರಿನ ಮೂರು ಪಟ್ಟಿಗೆ ಹತ್ತಿರ ಇರುತ್ತದೆ. ನಲ್ಲಿ ಬಿಟ್ಟುಕೊಂಡು ತೊಳೆದರೆ ಎರಡೂ ಸಮಸಮ.

ಆದರೆ ಇವೆರಡೂ ಒಂದೇ ಬಗೆಯ ನೀರಲ್ಲ. ಫ್ಲಶ್‌ನ ನೀರು ಹೊಸದಲ್ಲ, ವಿಳಾಸ ಬದಲಿಸಿದ ನೀರು. ಆಫೀಸಿನಲ್ಲಿ ಹೋಗಬೇಕಾಗಿದ್ದದ್ದು ಮನೆಯಲ್ಲಿ ಹೋಯಿತು, ಅಷ್ಟೇ. ಕೈ ತೊಳೆದ ನೀರು, ತರಕಾರಿ ತಂದು ತೊಳೆದ ನೀರು, ಹೊರಗೆ ಹೋಗಿ ಬಂದು ಬಟ್ಟೆ ಒಗೆದ ನೀರು, ಇವು ನಿಜಕ್ಕೂ ಹೊಸ ಬಳಕೆ. ಇನ್ನೊಂದು ಕಡೆ, ಕಾರ್ಖಾನೆಯ ಯಂತ್ರ ತಣ್ಣಗಾಗಿಸುವ ನೀರು, ಲಾಡ್ಜ್‌ನಲ್ಲಿ ದಿನಾ ಬೆಡ್‌ಶೀಟ್ ಒಗೆಯುವ ನೀರು ಯಾರ ಮನೆಗೂ ಬರಲಿಲ್ಲ. ಅದು ಬಳಕೆಯಿಂದಲೇ ಇಲ್ಲವಾಯಿತು. ಊರಿನ ಒಟ್ಟು ಲೆಕ್ಕ ಇಳಿಯಿತೋ ಏರಿತೋ ಅನ್ನುವುದು ಈ ಮೂರನ್ನು ಕೂಡಿ ಕಳೆದ ಮೇಲೆ ಗೊತ್ತಾಗುವ ಸಂಗತಿ.

ಇದಕ್ಕೆ ಒಳ್ಳೆಯ ಅಂಕಿಗಳಿರುವುದು ಬ್ರೆಜಿಲ್‌ನ ದಕ್ಷಿಣದಲ್ಲಿರುವ ಜಾಯಿನ್‌ವಿಲ್ ಎಂಬ ನಗರದಲ್ಲಿ. ಅಲ್ಲಿ 2020ರ ನಿರ್ಬಂಧದ ಮೊದಲ ದಿನಗಳ ಮೀಟರ್ ಲೆಕ್ಕವನ್ನು ಅದಕ್ಕೂ ಮುಂಚಿನ ದಿನಗಳ ಜೊತೆ ಹೋಲಿಸಿದರು. ಮನೆಗಳ ಬಳಕೆ ಶೇ 11ರಷ್ಟು ಏರಿತ್ತು. ಅಂಗಡಿ, ವ್ಯಾಪಾರದ ಬಳಕೆ ಶೇ 42ರಷ್ಟು, ಕಾರ್ಖಾನೆಗಳದ್ದು ಶೇ 53ರಷ್ಟು, ಸರ್ಕಾರಿ ಕಟ್ಟಡಗಳದ್ದು ಶೇ 30ರಷ್ಟು ಇಳಿದಿತ್ತು.

ಈ ನಾಲ್ಕು ಅಂಕಿಗಳನ್ನು ಹಿಡಿದು ಒಂದು ಆಟ ಆಡೋಣ. ಎರಡು ಊರು ಕಲ್ಪಿಸಿಕೊಳ್ಳಿ. ಮೊದಲನೆಯದರಲ್ಲಿ 100 ಕೊಡ ನೀರಿನಲ್ಲಿ 70 ಮನೆಗೆ, 15 ವ್ಯಾಪಾರಕ್ಕೆ, 10 ಕಾರ್ಖಾನೆಗೆ, 5 ಸರ್ಕಾರಿ ಕಟ್ಟಡಕ್ಕೆ ಹೋಗುತ್ತದೆ. ಎರಡನೆಯದು ಜನ ಮಲಗುವುದಕ್ಕೆ ಬರುವ ಊರು, ಕೆಲಸಕ್ಕೆ ಬೇರೆ ಕಡೆ ಹೋಗುತ್ತಾರೆ. ಅಲ್ಲಿ 90 ಮನೆಗೆ, 5 ವ್ಯಾಪಾರಕ್ಕೆ, 3 ಕಾರ್ಖಾನೆಗೆ, 2 ಸರ್ಕಾರಿ ಕಟ್ಟಡಕ್ಕೆ. ಎರಡೂ ಊರಿಗೆ ಜಾಯಿನ್‌ವಿಲ್‌ನ ಏರಿಳಿತವನ್ನೇ ಹಾಕಿ. ಮೊದಲ ಊರಿನ 100 ಕೊಡ 94.6ಕ್ಕೆ ಇಳಿಯುತ್ತದೆ. ಎರಡನೆಯದು 105.6ಕ್ಕೆ ಏರುತ್ತದೆ. ಜನರ ನಡವಳಿಕೆ ಎರಡೂ ಕಡೆ ಒಂದೇ, ಫಲ ಮಾತ್ರ ಉಲ್ಟಾ. ನಿಮ್ಮ ಊರು ಮೊದಲನೆಯ ಬಗೆಯದು ಅಂತ ಕಾಣುತ್ತದೆ.

ಮನೆ ಬಳಕೆ ಜಾಯಿನ್‌ವಿಲ್‌ನಲ್ಲಿ 11 ಮಾತ್ರ ಏರಿತು, ನಮ್ಮಲ್ಲಿ 25 ಹೇಗೆ ಅಂತ ನೀವು ಕೇಳಬಹುದು. ಉತ್ತರ ಜರ್ಮನಿಯ ಒಂದು ಸರಬರಾಜು ಪ್ರದೇಶದಲ್ಲೂ ಮೊದಲ ಅಲೆಯ ಹೊತ್ತಿಗೆ ಮನೆಬಳಕೆಯ ಏರಿಕೆ ಸುಮಾರು ಶೇ 14 ಇತ್ತು. ಇವೆಲ್ಲ ಸರಾಸರಿ. ಸರಾಸರಿಯಲ್ಲಿ ಮೊದಲಿಂದಲೂ ಹಗಲು ಮನೆಯಲ್ಲೇ ಇರುವ ಅಜ್ಜ ಅಜ್ಜಿಯರ ಮನೆ ಇದೆ, ಗೃಹಿಣಿ ಮತ್ತು ಎಳೆ ಮಗು ಇರುವ ಮನೆ ಇದೆ. ಬಾಡಿಗೆದಾರರು ಊರಿಗೆ ಹೋಗಿ ಖಾಲಿಯಾದ ಕೋಣೆಗಳೂ ಇವೆ. ನಾಲ್ಕಕ್ಕೆ ನಾಲ್ಕೂ ಜನ ಹೊರಗಿಂದ ಒಳಗೆ ಬಂದ ನಿಮ್ಮಂಥ ಮನೆ ಸರಾಸರಿಗಿಂತ ಮೇಲೆ ಇರಲೇಬೇಕು.

ಹವಾಮಾನವನ್ನೂ ಮರೆಯಬೇಡಿ. ಹಲವು ಕಡೆ ಲಾಕ್‌ಡೌನ್ ಬಂದದ್ದು ಬಿಸಿಲು ಏರುವ ಹೊತ್ತಿಗೆ. ಬ್ರಿಟನ್ನಿನಲ್ಲಿ 2020ರ ಮೇ ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಹೆಚ್ಚು ಬಿಸಿಲಿನ ತಿಂಗಳು. ಮನೆಯಲ್ಲಿ ಕೂತ ಜನ, ಹೊರಗೆ ಬಿಸಿಲು, ಕೈಯಲ್ಲಿ ಹೋಸ್ ಪೈಪು. ಹೆಚ್ಚಿದ ನೀರಿನಲ್ಲಿ ವೈರಸ್ಸಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಅಂತ ಬಿಡಿಸುವುದು ಸುಲಭವಲ್ಲ. ಹಿಂದಿನ ತಿಂಗಳಿನ ಜೊತೆ ಹೋಲಿಸಿ 'ಲಾಕ್‌ಡೌನ್‌ನಿಂದ ಇಷ್ಟು ಏರಿತು' ಅನ್ನುವ ವರದಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮುಂಚಿನ ದಿನಗಳ ಜೊತೆ ಹೋಲಿಸಿದ ಜಾಯಿನ್‌ವಿಲ್ ಲೆಕ್ಕವನ್ನೂ ಈ ಎಚ್ಚರದಿಂದಲೇ ಓದಬೇಕು. ಹಿಂದಿನ ವರ್ಷಗಳ ಅದೇ ತಿಂಗಳನ್ನು, ಆಗಿನ ಸೆಕೆಯನ್ನು ನೋಡಿಯೇ ಮಾತಾಡಬೇಕು. ನೀವೂ ಹಾಗೆ ಒಮ್ಮೆ ನೋಡಿ.

ಇನ್ನು ನನ್ನ ಕಸುಬಿಗೆ ಹತ್ತಿರದ ವಿಷಯ. ನೀರಿನ ಪೈಪು, ಪಂಪು ದಿನದ ಒಟ್ಟು ಬಳಕೆಗಿಂತ ಹೆಚ್ಚಾಗಿ ಒಂದು ಗಂಟೆಯ ಬಳಕೆಗೆ ಹೆದರುತ್ತವೆ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಸ್ನಾನ, ಶೌಚ, ಅಡುಗೆ ಅಂತ ನಲ್ಲಿ ತಿರುಗಿಸಿದಾಗ ಹರಿವು ದಿನದ ಸರಾಸರಿಯ ಎರಡು ಮೂರು ಪಟ್ಟಾಗುತ್ತದೆ. ಪೈಪಿನ ದಪ್ಪ ನಿಗದಿಯಾಗುವುದು ಆ ಗಂಟೆಗೆ. ಲಾಕ್‌ಡೌನ್ ಈ ಗಂಟೆಯನ್ನೇ ಅಲ್ಲಾಡಿಸಿತು. ಇಟಲಿಯ ಪೂಲಿಯಾ ಪ್ರಾಂತ್ಯದ ಐದು ಊರುಗಳ ಹರಿವಿನ ಲೆಕ್ಕ ನೋಡಿದಾಗ, ಬೆಳಗಿನ ಗರಿಷ್ಠ ಬಳಕೆ ಒಂದೆರಡು ಗಂಟೆ ತಡವಾಗಿ ಬಂದಿತ್ತು. ಬಸ್ಸು ಹಿಡಿಯುವ ಅವಸರ ಇಲ್ಲದಿದ್ದರೆ ಆರಕ್ಕೇ ಏಳುವವರು ಯಾರು? ಹೊರಗಿನಿಂದ ಕೆಲಸಕ್ಕೆ ಬರುವವರ ಗುರುತೂ ಆ ಲೆಕ್ಕದಲ್ಲಿ ಸಿಕ್ಕಿತು. ಅವರು ಬರುವುದು ನಿಂತಾಗ ಅವರ ನೀರೂ ಅವರ ಜೊತೆ ಅವರ ಊರಿಗೆ ಹೋಯಿತು. ಇಂಗ್ಲೆಂಡಿನಲ್ಲಿ ಸಾವಿರಾರು ಮನೆಗಳ ಸ್ಮಾರ್ಟ್ ಮೀಟರ್ ನೋಡಿದವರು ಮನೆಗಳನ್ನು ಹೊತ್ತಿನ ಮೇಲೆ ಗುಂಪು ಮಾಡಿದರು: ಬೆಳಿಗ್ಗೆ ಬೇಗ ಬಳಸುವವರು, ತಡವಾಗಿ ಬಳಸುವವರು, ಸಂಜೆಯವರು, ದಿನವಿಡೀ ಹಲವು ಸಲ ಬಳಸುವವರು. ಲಾಕ್‌ಡೌನ್ ಬಂದಾಗ ಮನೆಗಳು ಒಂದು ಗುಂಪಿನಿಂದ ಇನ್ನೊಂದಕ್ಕೆ ಜಿಗಿದವು.

ಹಾಗಾದರೆ ಅವಸರದ ಗಂಟೆ ಹರಡಿಕೊಂಡಿತು, ಪೈಪಿಗೆ ಆರಾಮವಾಯಿತು ಅಲ್ವಾ? ಕೆಲವು ಕಡೆ ಆಯಿತು. ಬರೀ ಮನೆಗಳೇ ಇರುವ ಬಡಾವಣೆಯ ಕೊನೆಯಲ್ಲಿ ಹಾಗಾಗಲಿಲ್ಲ. ಪೈಪಿನಲ್ಲಿ ಹರಿವು ಶೇ 20ರಷ್ಟು ಹೆಚ್ಚಿದರೆ, ಪೈಪಿನ ಗೋಡೆಗೆ ಉಜ್ಜಿ ಕಳೆದುಹೋಗುವ ಒತ್ತಡ ಸುಮಾರು ಶೇ 40ರಷ್ಟು ಹೆಚ್ಚುತ್ತದೆ. ಹಾಗಾಗಿ ಊರಿನಲ್ಲಿ ನೀರು ಉಳಿದಿದ್ದರೂ ಬಡಾವಣೆಯ ಕಟ್ಟಕಡೆಯ ಮನೆಯ ಮಹಡಿಗೆ ನೀರು ಏರದೆ ಇರಬಹುದು. ಅದೇ ಹೊತ್ತಿಗೆ ಆಫೀಸುಗಳ ಪ್ರದೇಶದಲ್ಲಿ ಎಳೆಯುವವರೇ ಇಲ್ಲದೆ ಒತ್ತಡ ಏರಿ, ಹಳೆಯ ಜಾಯಿಂಟುಗಳಲ್ಲಿ ಸೋರಿಕೆ ಜಾಸ್ತಿಯಾಗುತ್ತದೆ. ಒಂದು ಕಡೆ ಕೊರತೆ, ಇನ್ನೊಂದು ಕಡೆ ಸೋರಿಕೆ, ನಡುವೆ ವಾಲ್ವ್ ತಿರುಗಿಸುವವರ ಪಾಡು.

ಇದೆಲ್ಲ 24 ಗಂಟೆ ನೀರು ಬರುವ ಊರಿನ ಕತೆ. ದಿನಕ್ಕೆ ಕೆಲವೇ ಗಂಟೆ, ಇಲ್ಲವೇ ದಿನ ಬಿಟ್ಟು ದಿನ ನೀರು ಬಿಡುವ ಊರುಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಅಲ್ಲಿ ಜನ ಬಳಸುವ ಹೊತ್ತಿಗೂ ಪೈಪಿನಲ್ಲಿ ನೀರು ಹರಿಯುವ ಹೊತ್ತಿಗೂ ಸಂಬಂಧ ಇಲ್ಲ, ಮಧ್ಯೆ ಸಂಪು ಮತ್ತು ಟ್ಯಾಂಕು ಇರುತ್ತವೆ. ಬಿಡುವ ಗಂಟೆ ಅಷ್ಟೇ ಇದ್ದರೆ ಮೀಟರ್ ಹೆಚ್ಚು ತೋರಿಸುವುದಕ್ಕೆ ದಾರಿಯೇ ಇಲ್ಲ. ಟ್ಯಾಂಕು ಮುಂಚೆ ಖಾಲಿಯಾಗುತ್ತದೆ, ಉಳಿದದ್ದನ್ನು ಬೋರ್‌ವೆಲ್ಲೋ ಟ್ಯಾಂಕರ್ರೋ ತುಂಬುತ್ತದೆ. ಆ ನೀರು ಸರಬರಾಜಿನ ಪುಸ್ತಕದಲ್ಲಿ ಕಾಣುವುದಿಲ್ಲ. ಇಂಥ ಊರಿನಲ್ಲಿ 'ಬಳಕೆ ಏರಲಿಲ್ಲ' ಅಂದರೆ ಅದರ ಅರ್ಥ, ಕೊಟ್ಟದ್ದು ಏರಲಿಲ್ಲ ಅಂತ ಮಾತ್ರ.

ಮೀಟರ್ ಲೆಕ್ಕದಲ್ಲಿ ಬರದ ಇನ್ನೊಂದು ಗುಂಪಿದೆ. 2017ರ ಅಂಕಿಗಳ ಪ್ರಕಾರ ಪ್ರಪಂಚದಲ್ಲಿ ಸುಮಾರು 300 ಕೋಟಿ ಜನರ ಮನೆಯಲ್ಲಿ ಸೋಪು, ನೀರು ಎರಡೂ ಇರುವ ಕೈ ತೊಳೆಯುವ ಜಾಗ ಇರಲಿಲ್ಲ. 20 ಸೆಕೆಂಡ್ ಕೈ ತೊಳೆಯಿರಿ ಅನ್ನುವ ಬೋಧನೆ ಅವರಿಗೂ ತಲುಪಿತು, ನೀರು ತಲುಪಲಿಲ್ಲ. ಬೀದಿ ನಲ್ಲಿಯ ಮುಂದೆ ಸಾಲು ನಿಂತು ಅಂತರ ಕಾಪಾಡುವುದು ಹೇಗೆ ಅನ್ನುವುದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೆಲವು ಸರ್ಕಾರಗಳು ಕೈ ಹಾಕಿದವು. ಘಾನಾ 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಜನರ ನೀರಿನ ಬಿಲ್ ತಾನೇ ಹೊತ್ತಿತು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ವರ್ಷಗಟ್ಟಲೆ ಬಾಕಿ ಅಂತ ಕಡಿದಿದ್ದ ನಲ್ಲಿಗಳನ್ನು 2020ರ ಮಾರ್ಚ್‌ನಲ್ಲಿ ಮತ್ತೆ ಜೋಡಿಸತೊಡಗಿದರು. ಬಿಲ್ ಕಟ್ಟದವರ ನೀರು ಕಡಿಯುವುದು ಊರಿಗೆಲ್ಲ ಅಪಾಯ ಅಂತ ಗೊತ್ತಾಗುವುದಕ್ಕೆ ಒಂದು ಸಾಂಕ್ರಾಮಿಕವೇ ಬರಬೇಕಾಯಿತು, ನೋಡಿ.

ಮುಚ್ಚಿದ ಕಟ್ಟಡಗಳ ಕಡೆಗೆ ಬರೋಣ. ನನಗೆ ಕೇಳಿದರೆ ಲಾಕ್‌ಡೌನ್ ನೀರಿನ ನಿಜವಾದ ಅಪಾಯ ಇದ್ದದ್ದು ಬಳಸಿದ ನೀರಿನಲ್ಲಿ ಅಲ್ಲ, ಬಳಸದೆ ಬಿಟ್ಟ ನೀರಿನಲ್ಲಿ. ಪೈಪಿನಲ್ಲಿ ನೀರು ವಾರಗಟ್ಟಲೆ ನಿಂತರೆ ಮೊದಲು ಅದರ ಕ್ಲೋರಿನ್ ಕರಗಿ ಹೋಗುತ್ತದೆ. ಮನೆಯ ನಲ್ಲಿಗೆ ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಂತ ನೀರಿನಲ್ಲಿ ಅದು ಸೊನ್ನೆಗೆ ಬರುತ್ತದೆ. ಆಮೇಲೆ ಹಳೆಯ ಪೈಪು, ಬೆಸುಗೆ, ನಲ್ಲಿಗಳಿಂದ ಸೀಸ, ತಾಮ್ರ ನೀರಿಗೆ ಬಿಡತೊಡಗುತ್ತದೆ. 25ರಿಂದ 45 ಡಿಗ್ರಿ ಬಿಸಿಯ ನಿಂತ ನೀರು ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಹಬ್ಬ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರು ನ್ಯುಮೋನಿಯಾದಿಂದ ಸತ್ತಾಗ ಇದು ಪತ್ತೆಯಾಯಿತು. ಇದು ಸಾಮಾನ್ಯವಾಗಿ ಕುಡಿದರೆ ಬರುವ ರೋಗವಲ್ಲ. ಶವರ್‌ನ, ಎಸಿಯ ಕೂಲಿಂಗ್ ಟವರ್‌ನ ಸಣ್ಣ ಹನಿಗಳನ್ನು ಉಸಿರಾಡಿದಾಗ ಬರುವುದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಮುಚ್ಚಿದ ಕಟ್ಟಡ ತೆರೆಯುವ ಮುನ್ನ ನೀರು ಹರಿಸಿ ಎಂದು ಎಲ್ಲರಿಗೂ ಹೇಳುತ್ತಿತ್ತು. 2020ರ ಆಗಸ್ಟ್‌ನಲ್ಲಿ ಅಟ್ಲಾಂಟಾದಲ್ಲಿ ಸಿಡಿಸಿಯೇ ಬಾಡಿಗೆಗೆ ಹಿಡಿದಿದ್ದ ಕಟ್ಟಡಗಳ ನೀರಿನಲ್ಲಿ ಲೀಜಿಯೊನೆಲ್ಲಾ ಸಿಕ್ಕಿತು. ನಗಬಾರದು, ಆದರೂ ನಗು ಬರುತ್ತದೆ.

ಬೀಗ ತೆರೆದು ಒಳಗೆ ಹೋದಾಗ ಶೌಚಾಲಯದಲ್ಲಿ ಗಬ್ಬು ವಾಸನೆ ಬಂದದ್ದು ನಿಮಗೂ ನೆನಪಿರಬಹುದು. ಅದು ಸ್ವಚ್ಛ ಮಾಡದ್ದರಿಂದ ಮಾತ್ರ ಬರುವುದಲ್ಲ. ಬೇಸಿನ್ನಿನ ಕೆಳಗಿನ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ಸದಾ ನಿಂತಿರುತ್ತದೆ, ಚರಂಡಿಯ ಗಾಳಿ ಒಳಗೆ ಬರದಂತೆ ತಡೆಯುವುದು ಅದೇ. ತಿಂಗಳುಗಟ್ಟಲೆ ಬಳಸದಿದ್ದರೆ ಆ ನೀರು ಆವಿಯಾಗಿ ಹೋಗುತ್ತದೆ. ಒಂದು ಚೊಂಬು ನೀರು ಸುರಿದರೆ ಸರಿಹೋಗುತ್ತದೆ.

ಒಳಚರಂಡಿಯ ಬಗ್ಗೆ ಒಂದು ಮಾತು. ಮಾಸ್ಕು, ಒದ್ದೆ ವೈಪು ಎಲ್ಲ ಫ್ಲಶ್‌ಗೆ ಹಾಕಿ ಮ್ಯಾನ್‌ಹೋಲ್ ಕಟ್ಟಿಕೊಳ್ಳುವಂತೆ ಮಾಡಿದ್ದು ಎಲ್ಲರಿಗೂ ಗೊತ್ತು. ಅದೇ ಚರಂಡಿ ಒಳ್ಳೆಯ ಸುದ್ದಿಗಾರನೂ ಆಯಿತು. ನೆದರ್ಲೆಂಡ್ಸ್‌ನ ಆಮರ್ಸ್‌ಫೋರ್ಟ್ ನಗರದಲ್ಲಿ 2020ರ ಮಾರ್ಚ್ ಆರಂಭದಲ್ಲೇ, ಅಲ್ಲಿ ಮೊದಲ ರೋಗಿ ವರದಿಯಾಗುವುದಕ್ಕೂ ಮುಂಚೆ, ಚರಂಡಿ ನೀರಿನಲ್ಲಿ ವೈರಸ್ಸಿನ ಗುರುತು ಸಿಕ್ಕಿತ್ತು. ಆಮೇಲೆ ಹಲವು ದೇಶಗಳು ಈ ದಾರಿ ಹಿಡಿದವು. ವೆನಿಸ್‌ನ ಕಾಲುವೆ ತಿಳಿಯಾದ ಫೋಟೊ ನೋಡಿ ಕೊಳೆ ನೀರು ಬಂದು ಸೇರುವುದು ನಿಂತಿತು ಅಂದುಕೊಂಡವರಿದ್ದಾರೆ. ಹಾಗಲ್ಲ, ದೋಣಿ ಓಡಾಡದೆ ತಳದ ಕೆಸರು ಏಳಲಿಲ್ಲ, ಅಷ್ಟೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ಮೊದಲು ಬಿಲ್ಲಿನ ಹಣ ನೋಡಬೇಡಿ, ಯೂನಿಟ್ ನೋಡಿ. ಬಳಕೆ ಹೆಚ್ಚಿದಂತೆ ದರವೂ ಏರುವ ಸ್ಲ್ಯಾಬ್ ಪದ್ಧತಿ ಇರುವ ಕಡೆ ನೀರು ಸ್ವಲ್ಪ ಹೆಚ್ಚಿದರೂ ಹಣ ಜಾಸ್ತಿ ಹೆಚ್ಚುತ್ತದೆ. ಲಾಕ್‌ಡೌನ್‌ನಲ್ಲಿ ಮೀಟರ್ ಓದುವವರು ಬರಲಾಗದೆ ಎಷ್ಟೋ ಕಡೆ ಸರಾಸರಿ ಬಿಲ್ ಕೊಟ್ಟರು, ಆಮೇಲೆ ಒಂದೇ ಸಲ ಸರಿ ಮಾಡಿದರು. ನಿಮ್ಮ ಹಳೆಯ ಬಿಲ್ ಓದಿದ್ದೋ ಅಂದಾಜಿನದ್ದೋ ಅನ್ನುವುದನ್ನು ನೋಡಿಕೊಂಡೇ ಹೋಲಿಸಿ.

ಯೂನಿಟ್ ನಿಜಕ್ಕೂ ಹೆಚ್ಚಿದೆಯಾ? ಹಾಗಾದರೆ ಎಷ್ಟು ಹೆಚ್ಚಿರಬೇಕು ಅಂತ ಲೆಕ್ಕ ಹಾಕೋಣ. ಒಬ್ಬರು ಒಂದು ಕೆಲಸದ ದಿನ ಮನೆಯಲ್ಲಿದ್ದರೆ ಸುಮಾರು 32 ಲೀಟರ್ ಹೆಚ್ಚು ಅಂತ ಮೇಲೆ ಬಂತು. ನೀವಿಬ್ಬರೂ ವಾರಕ್ಕೆ ಎರಡು ಕೆಲಸದ ದಿನ ಮನೆಯಲ್ಲಿ. ವಾರಕ್ಕೆ 128 ಲೀಟರ್, ದಿನಕ್ಕೆ 18. ಹಳೆಯ ಮಟ್ಟಕ್ಕಿಂತ ಶೇ 3 ಮಾತ್ರ. ಕೈ ತೊಳೆಯುವ ರೂಢಿ ಉಳಿದಿದ್ದರೆ, ನಲ್ಲಿ ಬಿಟ್ಟುಕೊಂಡು ತೊಳೆಯುವ ಅಭ್ಯಾಸವೂ ಇದ್ದರೆ, ಶೇ 15ರವರೆಗೆ ಹೋಗಬಹುದು. ಅದಕ್ಕೂ ಮೀರಿದರೆ ನನಗೆ ಸೋರಿಕೆಯ ಮೇಲೆ ಅನುಮಾನ.

ರಾತ್ರಿ ಎಲ್ಲರೂ ಮಲಗುವ ಮುನ್ನ ಮೀಟರ್‌ನ ಕೊನೆಯ ಅಂಕಿಯ ಫೋಟೊ ತೆಗೆದುಕೊಳ್ಳಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮುನ್ನ ಇನ್ನೊಮ್ಮೆ ತೆಗೆಯಿರಿ. ಸಂಪು, ಟ್ಯಾಂಕು ತುಂಬುವ ಮನೆಯಾದರೆ ಮೀಟರ್ ಬದಲು ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ. ಅಂಕಿ ಓಡಿದ್ದರೆ, ಇಲ್ಲವೇ ಮಟ್ಟ ಇಳಿದಿದ್ದರೆ, ಮೊದಲು ಫ್ಲಶ್ ಟ್ಯಾಂಕ್ ನೋಡಿ. ಎರಡು ವರ್ಷ ಮನೆಮಂದಿಯೆಲ್ಲ ಹಗಲು ರಾತ್ರಿ ಒತ್ತಿದ ಫ್ಲಶ್‌ನ ವಾಷರ್ ಸವೆದಿದ್ದರೆ ಆಶ್ಚರ್ಯವಿಲ್ಲ. ಅದು ಸದ್ದಿಲ್ಲದೆ ದಿನಕ್ಕೆ ನೂರಾರು ಲೀಟರ್ ಬಿಡಬಲ್ಲದು. ಟ್ಯಾಂಕಿನೊಳಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಒತ್ತಬೇಡಿ. ಕಮೋಡಿನ ನೀರಿಗೆ ಬಣ್ಣ ಬಂದಿದ್ದರೆ ಪ್ಲಂಬರನ್ನು ಕರೆಸಿ ವಾಷರ್ ಬದಲಿಸಿ. ಬಣ್ಣ ಬರದೆಯೂ ರಾತ್ರಿ ಮೀಟರ್ ಓಡುತ್ತಿದ್ದರೆ ಸೋರಿಕೆ ನೆಲದೊಳಗಿನ ಪೈಪಿನಲ್ಲಿರಬಹುದು. ಆಗ ಎರಡೂ ಫೋಟೊಗಳನ್ನು ಇಟ್ಟುಕೊಂಡೇ ನೀರು ಸರಬರಾಜು ಕಚೇರಿಗೆ ದೂರು ಕೊಡಿ.